ಪಕ್ಷದಲ್ಲಿ ಹೊಕ್ಕ ಮನೆ

ಗೋಡೆ ಗಡಿಯಾರ ರಟ್ಟಿನ ಪೆಟ್ಟಿಗೆಯೊಳಗೇ ಟಿಕ್ ಟಿಕ್ ಎನ್ನುತ್ತಿತ್ತು. ಸಾಮಾನು ಕಟ್ಟುವಾಗ ಅದರ ಬ್ಯಾಟರಿ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಫ್ಯಾನ್ ತಿರುಗುತ್ತಿದ್ದರೆ ಕೇಳಿಸುತ್ತಿರಲಿಲ್ಲ, ನಿಲ್ಲಿಸಿದ ಕೂಡಲೇ ಕೇಳಿಸುತ್ತಿತ್ತು. ಹಾಲ್‌ನಲ್ಲಿ ಒಂದರ ಮೇಲೊಂದು ಪೇರಿಸಿದ್ದ ಪೆಟ್ಟಿಗೆಗಳಿಗೆಲ್ಲ ಕಿವಿ ಹಚ್ಚುತ್ತ ಹೋಗಿ, ಅದು ಹೊದಿಕೆಗಳ ಪೆಟ್ಟಿಗೆಯ ತಳದಲ್ಲಿದೆ ಎಂದು ನಾನು ಪತ್ತೆ ಮಾಡಿದ್ದೆ. ಆದರೆ ಹೊರಗೆ ತೆಗೆಯುವಂತಿರಲಿಲ್ಲ. ಗಡಿಯಾರ ತೆಗೆದರೆ ಮೊಳೆ ಹೊಡೆಯಬೇಕು. ಮೊಳೆ ಹೊಡೆದರೆ ಮನೆ ಹೊಕ್ಕಂತೆ. ಪಿತೃಪಕ್ಷದಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ. ನಾವು ಹೊಕ್ಕಿದ್ದೆವು.

ನನಗಾಗ ಹನ್ನೊಂದು ವರ್ಷ. ಅಮ್ಮ, ಅಜ್ಜಿ, ನಾನು ಸಿಂಗಪುರದಲ್ಲಿ ಸೆಂಬವಾಂಗ್‌ನ ದೊಡ್ಡ ಮನೆ ಬಿಟ್ಟು ಸೆಂಗ್‌ಕಾಂಗ್‌ನ ಒಂದು ಬ್ಲಾಕಿನ ಒಂಬತ್ತನೆಯ ಮಹಡಿಗೆ, ಎರಡು ಕೋಣೆಯ ಬಾಡಿಗೆ ಮನೆಗೆ ಬಂದಿದ್ದೆವು. ಅಪ್ಪ ಇನ್ನು ಮುಂದೆ ಬೇರೆ ಇರುತ್ತಾರೆ ಎಂದು ತೀರ್ಮಾನವಾಗಿತ್ತು. ಅದರ ಕಾರಣಗಳು ಅವರಿಬ್ಬರಿಗೆ ಸೇರಿದವು, ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದದ್ದು ಇಷ್ಟೇ: ಅಜ್ಜಿ ಅಪ್ಪನ ತಾಯಿ, ಆದರೂ ಮಗನ ಜೊತೆ ಹೋಗದೆ ಸೊಸೆಯ ಜೊತೆ ಬಂದಳು. ಯಾರಾದರೂ ಯಾಕೆಂದು ಕೇಳಿದರೆ ಅವಳ ಉತ್ತರ ಸಿದ್ಧವಾಗಿತ್ತು.

"ನನ್ನ ಕನ್ನಡಕ ಎಲ್ಲಿಟ್ಟಿದೀನಿ ಅಂತ ಅವನಿಗೆ ಗೊತ್ತಾಗಲ್ಲ. ಸುಮಂಗೆ ಗೊತ್ತಾಗತ್ತೆ."

ಹಳೆಯ ಮನೆ ಬಿಡುವ ದಿನವನ್ನು ನಾವು ಆರಿಸಿದ್ದಲ್ಲ. ಅಲ್ಲಿನ ಗಡುವು ಮುಗಿದದ್ದು, ಇಲ್ಲಿನ ಬೀಗದಕೈ ಸಿಕ್ಕಿದ್ದು ಪಕ್ಷದ ನಡುವೆಯೇ. ಅಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು, ಇದ್ದಬದ್ದ ರಜೆಯೆಲ್ಲ ಆ ವರ್ಷ ಬೇರೆ ಕೆಲಸಗಳಿಗೇ ಮುಗಿದುಹೋಗಿತ್ತು. ಕನ್ನಡದ ಆಂಟಿಯೊಬ್ಬರು ಫೋನ್ ಮಾಡಿ, "ಪಕ್ಷದಲ್ಲಿ ಯಾರಾದ್ರೂ ಶಿಫ್ಟ್ ಆಗ್ತಾರಾ ಸುಮಾ? ಒಂದೆರಡು ವಾರ ಯಾರದ್ದಾದ್ರೂ ಮನೇಲಿ ಅಡ್ಜಸ್ಟ್ ಮಾಡ್ಕೋಬಹುದಿತ್ತಪ್ಪ" ಅಂದರು. ಯಾರ ಮನೆಯಲ್ಲಿ ಎಂದು ಅಮ್ಮ ಕೇಳಿದಳು. ಆಂಟಿ ವಿಷಯ ಬದಲಾಯಿಸಿದರು.

ಅಜ್ಜಿ ಇದಕ್ಕೊಂದು ದಾರಿ ಹುಡುಕಿದಳು. ಮೊದಲ ದಿನ ಬಾಗಿಲಲ್ಲಿ ನಿಂತು, ಎಡಗಾಲೋ ಬಲಗಾಲೋ ಎಂದು ನೋಡದೆ, ಬೇಕೆಂದೇ ಏನೂ ನೋಡದೆ, ಒಳಗೆ ಬಂದು ಪೆಟ್ಟಿಗೆಯೊಂದರ ಮೇಲೆ ಕೂತು ಹೇಳಿದಳು:

"ಇದು ಮನೆಯಲ್ಲ, ಛತ್ರ. ಅಮಾವಾಸ್ಯೆ ಕಳೆಯೋ ತನಕ ನಾವು ಛತ್ರದಲ್ಲಿ ಇಳ್ಕೊಂಡಿದೀವಿ. ಛತ್ರದಲ್ಲಿ ಇಳ್ಕೊಳೋಕೆ ಮುಹೂರ್ತ ಬೇಡ."

ಹಾಗಾಗಿ ಛತ್ರದ ನಿಯಮಗಳು ಜಾರಿಗೆ ಬಂದವು. ಪೆಟ್ಟಿಗೆ ಬಿಚ್ಚಬಾರದು. ಮಂಚ ಜೋಡಿಸಬಾರದು, ಚಾಪೆಯ ಮೇಲೆ ಮಲಗಬೇಕು. ದೇವರ ಪಟಗಳು ಟವೆಲಿನಲ್ಲಿ ಸುತ್ತಿಕೊಂಡು ಸೂಟ್‌ಕೇಸಿನಲ್ಲೇ ಇರಬೇಕು, ಅವರೂ ಪ್ರಯಾಣದಲ್ಲಿದ್ದಾರೆ. ರೈಸ್ ಕುಕ್ಕರ್ ಮತ್ತು ಒಂದು ಬಾಣಲೆಯಲ್ಲೇ ಅಡುಗೆ. ಒಲೆಯ ಮೇಲೆ ಹಾಲು ಕಾಯಿಸುವಂತೆಯೇ ಇಲ್ಲ, ಏಕೆಂದರೆ ಹೊಸ ಒಲೆಯ ಮೇಲೆ ಮೊದಲ ಹಾಲು ಉಕ್ಕಿದರೆ ಅದು ಗೃಹಪ್ರವೇಶ. ನನ್ನ ಹಾಲನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡುತ್ತಿದ್ದರು. ಮೈಕ್ರೋವೇವ್ ಶಾಸ್ತ್ರದಲ್ಲಿ ಇರಲಿಲ್ಲ. ನಾನು ಹಾಲು ಕುಡಿದು, ಚಾಪೆಯ ಮೇಲೆ ಬೋರಲಾಗಿ ಮಲಗಿ ಹೋಮ್‌ವರ್ಕ್ ಮಾಡುತ್ತಿದ್ದೆ. ನನಗೆ ಆ ಮನೆ ಇಷ್ಟವಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಎಲ್‌ಆರ್‌ಟಿಯ ಪುಟ್ಟ ರೈಲು ಬ್ಲಾಕುಗಳ ನಡುವೆ ತೂರಿ ಹೋಗುವುದು ಕಾಣುತ್ತಿತ್ತು. ಅಲ್ಲಿ ಯಾರೂ ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಜಗಳವಾಡುತ್ತಿರಲಿಲ್ಲ. ಮುಚ್ಚಿಕೊಳ್ಳುವಷ್ಟು ಬಾಗಿಲುಗಳೂ ಇರಲಿಲ್ಲ.

ಆದರೆ ಅಜ್ಜಿಗೆ ಒಳಗೊಳಗೇ ಅಂಜಿಕೆಯಿತ್ತು. ನನಗೆ ಜ್ವರ ಬಂದರೆ ಪಕ್ಷ. ಫ್ಯೂಸ್ ಹೋದರೆ ಪಕ್ಷ. ಅವಳ ಮಂಡಿ ಊದಿಕೊಂಡರೆ ಪಕ್ಷ. ಹೀಗಿರುವಾಗ ಮೈಸೂರಿನಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ಅಜ್ಜಿಯ ಹಿರಿಯ ಮಗ ಶ್ರೀನಿವಾಸ. ಒಳ್ಳೆಯ ಮನುಷ್ಯ. ತಮ್ಮ ಮಾಡಿದ್ದಕ್ಕೆ ತಾನು ತಲೆತಗ್ಗಿಸಬೇಕಾಗಿದೆ ಎಂದು ನಂಬಿದವರು. ಹಪ್ಪಳ, ಹುರಿಗಾಳು, ನನಗೊಂದು ರೇಷ್ಮೆ ಲಂಗ ತಂದಿದ್ದರು. ನಮ್ಮ ಮೂವರನ್ನೂ ಮೈಸೂರಿಗೆ ಕರೆದುಕೊಂಡು ಹೋಗುವುದು ಅವರ ಉದ್ದೇಶ. ಅವರ ಮನೆಯ ಮಹಡಿಯ ಕೋಣೆ ಖಾಲಿಯಿದೆ, ಊಟ ಎಲ್ಲರದೂ ಒಟ್ಟಿಗೆ, ನನಗೆ ಹತ್ತಿರದಲ್ಲೇ ಶಾಲೆ. ದಿನಕ್ಕೆರಡು ಸಲ, ಕಾಫಿಯ ಜೊತೆಗೆ, ಮೆತ್ತಗೆ ಹೇಳುತ್ತಿದ್ದರು.

"ನೋಡಮ್ಮ ಸುಮಾ, ಹೆಣ್ಣುಮಗು ಕಟ್ಕೊಂಡು ಹೊರದೇಶದಲ್ಲಿ ಒಬ್ಬಳೇ ಅಂದ್ರೆ. ನಾಳೆ ಜನ ನನ್ನ ಕೇಳ್ತಾರೆ."

"ಒಬ್ಬಳೇ ಅಲ್ಲ ಭಾವ. ಅತ್ತೆ ಇದಾರೆ."

"ಅಮ್ಮನಿಗೆ ವಯಸ್ಸಾಯ್ತು."

"ನನ್ನ ವಯಸ್ಸು ನನಗೆ ಗೊತ್ತು ಕಣೋ, ನೀನೇನು ಲೆಕ್ಕ ಹೇಳ್ಬೇಡ" ಎಂದು ಅಜ್ಜಿ ಅನ್ನುತ್ತಿದ್ದಳು. ಆದರೆ ಬರುವುದಿಲ್ಲ ಎಂದು ಮಾತ್ರ ಹೇಳುತ್ತಿರಲಿಲ್ಲ. ಅಮ್ಮ ಅದನ್ನು ಗಮನಿಸಿದ್ದಳು, ನಾನೂ ಗಮನಿಸಿದ್ದೆ. ಅಜ್ಜಿ ಹೊರಟರೆ ಅಮ್ಮ ಕೆಲಸದಿಂದ ಬರುವವರೆಗೆ ನನ್ನನ್ನು ನೋಡಿಕೊಳ್ಳುವವರಿಲ್ಲ. ಅಜ್ಜಿ ಹೂಂ ಅಂದರೆ ಸಾಕು, ನಾವೆಲ್ಲ ಹೊರಟಂತೆಯೇ. ಒಂದು ಸಂಜೆ ಅಮ್ಮ ಬಟ್ಟೆ ಮಡಿಚುತ್ತ ಕೇಳಿದಳು, "ಆ ಮಹಡಿ ಮೇಲೆ ನಾನು ಏನಾಗಿರ್ತೀನಿ ಅತ್ತೆ? ಸೊಸೆಯೂ ಅಲ್ಲ, ನೆಂಟಳೂ ಅಲ್ಲ." ಅಜ್ಜಿ ಬಟ್ಟೆಯ ರಾಶಿಗೆ ಕೈಹಾಕಿದಳು. ನನ್ನ ಲಂಗವನ್ನು ಮಡಿಚಿದಳು.

ಎದುರು ಮನೆಯಲ್ಲಿ ಮೋಜೆಲ್ ಆಂಟಿ ಇದ್ದರು. ಯಹೂದಿ ಹೆಂಗಸು, ಎಪ್ಪತ್ತು ದಾಟಿದವರು. ಅವರ ಅಜ್ಜನ ಕಾಲದವರು ಬಾಗ್ದಾದಿನಿಂದ ಕಲ್ಕತ್ತೆಗೆ, ಅಲ್ಲಿಂದ ಸಿಂಗಪುರಕ್ಕೆ ಬಂದವರಂತೆ. ಇವರು ಹುಟ್ಟಿದ್ದು ಬೆಳೆದದ್ದು ಇಲ್ಲೇ, ಮಾತು ಅಪ್ಪಟ ಇಲ್ಲಿನ ಇಂಗ್ಲಿಷು, ವಾಕ್ಯದ ಕೊನೆಗೊಂದು ಲಾ. ಅಜ್ಜಿಯ ಬಾಯಲ್ಲಿ ಮೋಜೆಲ್ ಎರಡೇ ದಿನಕ್ಕೆ ಮೋಜಮ್ಮ ಆದರು. ಮೋಜಮ್ಮ ಹೊರಗೆ ಹೋಗುವಾಗಲೂ ಬರುವಾಗಲೂ ಬಾಗಿಲ ಚೌಕಟ್ಟಿನ ಮೇಲಿದ್ದ ಬೆರಳುದ್ದದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಅಜ್ಜಿ ಅದನ್ನು ನೋಡಿ, "ಹೊಸ್ತಿಲಿಗೆ ಮರ್ಯಾದೆ ಕೊಡೋ ಜನ" ಎಂದು ಒಪ್ಪಿಕೊಂಡಳು. ಇಬ್ಬರೂ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ನಡುವೆ ನೆಲದ ಮೇಲೆ ಕೂತು ಅತ್ತ ಇತ್ತ ಮಾತು ದಾಟಿಸುವ ಕೆಲಸ ನನ್ನದು. ಇಲ್ಲಿ ಆಂಟಿಯ ಮಾತುಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಆಗ ಅಜ್ಜಿಗೆ ಹೇಳಿದ ಹಾಗೆಯೇ.

ತಮ್ಮ ಹೊಸ ವರ್ಷ ಹತ್ತಿರ ಬಂತು ಎಂದು ಆಂಟಿ ಹೇಳಿದಾಗ ಅಜ್ಜಿ ಯಾವತ್ತು ಎಂದು ನನ್ನಿಂದ ಕೇಳಿಸಿದಳು. ಆಂಟಿ ತಾರೀಖು ಹೇಳಿದರು. ಅಜ್ಜಿ ಬೆರಳೆಣಿಸಿದಳು, ಮತ್ತೆ ಎಣಿಸಿದಳು.

"ಮಹಾಲಯ ಅಮಾವಾಸ್ಯೆ ದಿನ? ಸರಿಯಾಗಿ ಕೇಳೇ. ಅಮಾವಾಸ್ಯೆಗೆ ಯಾರಾದ್ರೂ ಹೊಸ ವರ್ಷ ಮಾಡ್ತಾರೇನೆ?"

ನಾನು ಕೇಳಿದೆ. ಆಂಟಿ ಇಲ್ಲಿ ಬಯಾಮ್ ಎನ್ನುವ ಹರಿವೆ ಸೊಪ್ಪಿನ ದಂಟು ಮುರಿಯುತ್ತ, "ಚಂದ್ರ ಬಚ್ಚಿಟ್ಟುಕೊಂಡಾಗಲೇ ನಮ್ಮ ವರ್ಷ ಶುರು. ಯಾವಾಗಲೂ ಹಾಗೇ ಲಾ. ಕತ್ತಲಲ್ಲಿ ಶುರು ಮಾಡಿದರೆ ಆಮೇಲೆ ಬೆಳಕೇ ತಾನೆ ಬರಬೇಕು" ಅಂದರು. ಅಜ್ಜಿ ಮಡಿಲಲ್ಲಿದ್ದ ಸೊಪ್ಪನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ, "ಧೈರ್ಯ ಇರೋ ಜನ" ಅಂದಳು. ಅದನ್ನು ನಾನು ದಾಟಿಸಲಿಲ್ಲ. ಅದು ಅವಳು ತನಗೇ ಹೇಳಿಕೊಂಡದ್ದು.

ಪ್ರತಿ ವರ್ಷ ತಮ್ಮನ ಮನೆಗೆ ಹಬ್ಬದೂಟಕ್ಕೆ ಹೋಗುತ್ತಿದ್ದ ಆಂಟಿ ಆ ಸಲ ಎದುರು ಮನೆಗೆ ಹೊಸಬರು ಬಂದಿದ್ದಾರೆಂದು ಇಲ್ಲೇ ಮಾಡುವುದಾಗಿ ಹೇಳಿದರು. ನೀವು ಏನು ತಿನ್ನುವುದಿಲ್ಲ ಎಂದು ಮೊದಲೇ ವಿಚಾರಿಸಿ, ಮೀನು ಮಾಂಸ ಬಿಟ್ಟು, ಏನೇನಿರುತ್ತದೆಂದು ಒಂದೊಂದಾಗಿ ಹೇಳಿದರು. ಖರ್ಜೂರ, ದಾಳಿಂಬೆ, ಅಲಸಂದೆ ಕಾಯಿ, ಬೀಟ್‌ರೂಟು, ಸೇಬು, ಮತ್ತೆ ಕಾರಾ.

"ಖಾರಾನಾ?" ಅಜ್ಜಿಯ ಮುಖ ಅರಳಿತು. "ಸದ್ಯ. ಅವರಲ್ಲೂ ಬರೀ ಸಿಹಿ ಅಲ್ಲ ನೋಡು. ನಮ್ಮ ಬೇವು ಬೆಲ್ಲದ ಹಾಗೆ ಎಲ್ಲ ಇದೆ."

ನಾನು ತಿದ್ದಲಿಲ್ಲ. ನನಗೂ ಅದು ಖಾರವೆಂದೇ ಕೇಳಿಸಿತ್ತು. ಹೊಸ ವರ್ಷಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಅಜ್ಜಿ ಅಮಾವಾಸ್ಯೆಯ ಮಧ್ಯಾಹ್ನ ತನ್ನ ಒಂದೇ ಬಾಣಲೆಯಲ್ಲಿ ಹಾಗಲಕಾಯಿ ಗೊಜ್ಜು ಮಾಡಿದಳು. ಬೇವು ಸಿಗದಿದ್ದರೇನು, ಕಹಿಗೆ ಹಾಗಲಕಾಯಿ. ಹುಳಿಗೆ ಹುಣಸೆಹಣ್ಣು. ಖಾರಕ್ಕೆ ಬ್ಯಾಡಗಿ ಸಾಲದೆಂದು ಇಲ್ಲಿನ ಪುಟ್ಟ ಹಸಿಮೆಣಸು. ಅಡುಗೆಮನೆಯಿಂದ ಹೊಮ್ಮಿದ ಘಾಟಿಗೆ ದೊಡ್ಡಪ್ಪ ಸೀನುತ್ತ ತರ್ಪಣದ ತಾಮ್ರದ ತಟ್ಟೆ ತೊಳೆದಿಟ್ಟರು. ಬೆಳಿಗ್ಗೆ ತಾತನಿಗೆ ಎಳ್ಳುನೀರು ಬಿಟ್ಟಿದ್ದರಿಂದ ಅವರದು ಒಪ್ಪತ್ತು. ಅಜ್ಜಿಯದೂ ಅಷ್ಟೇ. ಇಬ್ಬರೂ ರಾತ್ರಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ, ಹಣ್ಣು ಹಾಲು ಮಾತ್ರ.

"ಖರ್ಜೂರ, ದಾಳಿಂಬೆ ಇರತ್ತಂತಲ್ಲ, ಫಲಾಹಾರಕ್ಕೆ ಅಡ್ಡಿ ಇಲ್ಲ" ಎಂದು ದೊಡ್ಡಪ್ಪ ಅಂಗಿ ಬದಲಿಸಿಕೊಂಡು ಹೊರಟರು. ಹೊರಡುವಾಗ ಅಮ್ಮನಿಗೆ ಹೇಳಿದರು, "ನಾಳೆ ಪಕ್ಷ ಮುಗಿಯತ್ತೆ. ಟಿಕೆಟ್ ಬುಕ್ ಮಾಡ್ತೀನಿ. ಪುಟ್ಟೀನ ನಾಳೆಯಿಂದ ಸ್ಕೂಲಿಗೆ ಕಳಿಸೋದು ಬೇಡ, ಅಮ್ಮನಿಗೆ ಸಾಮಾನು ಎತ್ತಿಡೋಕೆ ಆಗಲಿ."

ಆಂಟಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ಎರಡು ದೀಪ ಉರಿಯುತ್ತಿದ್ದವು. ಚಿಕ್ಕ ಚಿಕ್ಕ ಬಟ್ಟಲುಗಳ ನಡುವೆ ಅಜ್ಜಿ ತನ್ನ ಗೊಜ್ಜನ್ನು ಇಟ್ಟು, ಹೆಮ್ಮೆಯಿಂದ "ಖಾರ" ಅಂದಳು. ಆಂಟಿ ಚಮಚದ ತುದಿಯಲ್ಲಿ ನೆಕ್ಕಿದರು. ಕಣ್ಣಲ್ಲಿ ನೀರು ತುಂಬಿತು, ನೀರು ಕುಡಿದರು, ಮತ್ತೆ ಕುಡಿದರು, ಆಮೇಲೆ ನಗಲು ಶುರು ಮಾಡಿದವರು ಕುರ್ಚಿ ಹಿಡಿದುಕೊಂಡು ನಕ್ಕರು. ವರ್ಷ ಸಿಹಿಯಾಗಿರಲೆಂದು ಈ ರಾತ್ರಿ ಅವರು ಕಹಿ, ಹುಳಿ, ಖಾರ ಮೂರನ್ನೂ ದೂರ ಇಡುತ್ತಾರಂತೆ. ಅಜ್ಜಿ ಮೂರನ್ನೂ ಒಂದೇ ಡಬ್ಬಿಯಲ್ಲಿ ತಂದಿದ್ದಳು. ಕಾರಾ ಎಂದರೆ ಇದು ಎಂದು ಆಂಟಿ ತೋರಿಸಿದ ಬಟ್ಟಲಲ್ಲಿ ಎಳೆಯ ಹಸಿರು ಹೋಳುಗಳಿದ್ದವು. ಸೋರೆಕಾಯಿ.

ಅಜ್ಜಿಗೆ ಅವಮಾನವಾಯಿತು. ಡಬ್ಬಿಯ ಮುಚ್ಚಳ ಹಾಕಿ ತನ್ನ ಮಡಿಲಿಗೆ ಎಳೆದುಕೊಂಡಳು. ಆಂಟಿ ಅದನ್ನು ಕಿತ್ತುಕೊಂಡು ಫ್ರಿಜ್ಜಿನಲ್ಲಿಟ್ಟು, "ಹಬ್ಬ ಕಳೆಯಲಿ, ಅಳುತ್ತ ತಿನ್ನುತ್ತೇನೆ" ಎಂದರು. ಆಮೇಲೆ ಒಂದೊಂದು ಬಟ್ಟಲು ಮುಟ್ಟಿ ತಮ್ಮ ಭಾಷೆಯಲ್ಲಿ ಹಾರೈಕೆ ಓದಿ, ಅದರ ಅರ್ಥ ಹೇಳುತ್ತ ಹೋದರು. ಎಲ್ಲವೂ ಹೆಸರಿನ ಆಟ. ಕಾರಾ ಎನ್ನುವ ಹೆಸರೂ ಹರಿಯುವುದು ಎನ್ನುವ ಮಾತೂ ಅವರಲ್ಲಿ ಒಂದೇ ಥರ ಕೇಳಿಸುತ್ತವೆ. ಆದ್ದರಿಂದ ಸೋರೆಕಾಯಿ ತಿನ್ನುವಾಗ, ನಮ್ಮ ಮೇಲೆ ಏನಾದರೂ ಕೆಟ್ಟ ತೀರ್ಪು ಬರೆದಿದ್ದರೆ ಅದನ್ನು ಹರಿದುಹಾಕು ಎಂದು ಬೇಡಿಕೊಳ್ಳುತ್ತಾರೆ. ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಹೋಳುಗಳನ್ನೇ ನೋಡುತ್ತಿದ್ದಳು.

"ನಮ್ಮಲ್ಲಿ ಇದಕ್ಕೆ ಸೋರೆ ಅನ್ನೋದು. ಎಲ್ಲ ಸೋರಿ ಹೋಗಲಿ ಅನ್ನಬಹುದು ಅಂತ ಹೇಳು ಮೋಜಮ್ಮಂಗೆ."

ನಾನು ಹೇಳಿದೆ. ಆಂಟಿ ಮೇಜು ತಟ್ಟಿ, "ಎರಡೂ ಒಂದೇ ಲಾ" ಅಂದರು. ಅಮ್ಮ ಬಹಳ ದಿನಗಳ ಮೇಲೆ ನಕ್ಕಳು. ದೊಡ್ಡಪ್ಪನೂ ನಕ್ಕರು. ನಗುವಿನ ಹದ ನೋಡಿಕೊಂಡು, ದಾಳಿಂಬೆ ಕಾಳು ಬಾಯಿಗೆ ಹಾಕಿಕೊಳ್ಳುತ್ತ, ಅಜ್ಜಿಯ ಕಡೆ ತಿರುಗಿ ಹೇಳಿದರು:

"ಹಾಗಾದ್ರೆ ನಾಳೆನೇ ನೋಡೋಣಮ್ಮ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಹಾಲುಕ್ಕಿಸಿಲ್ಲ, ಪೆಟ್ಟಿಗೆ ಬಿಚ್ಚಿಲ್ಲ. ನೀವು ಈ ಮನೆಗೆ ಬಂದೇ ಇಲ್ಲ. ಬರದೇ ಇರೋ ಮನೇನ ಬಿಡೋದೇನು ಕಷ್ಟ?"

ಅಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ಅಂಕಲ್ ಏನಂದರು ಎಂದು ಆಂಟಿ ನನ್ನನ್ನು ಕೇಳಿದರು. ಮನೆಯ ಮಾತನ್ನು ಹೊರಗಿನವರಿಗೆ ದಾಟಿಸಬಾರದು ಎಂಬುದು ನನಗೆ ಗೊತ್ತಿತ್ತು. ಒಂದಕ್ಷರ ಬಿಡದೆ ದಾಟಿಸಿದೆ.

"ಬಂದೇ ಇಲ್ಲವಾ?" ಎಂದರು ಆಂಟಿ. "ಹಾಗಾದರೆ ದಿನಾ ಬೆಳಿಗ್ಗೆ ಎದುರು ಮನೆಯಲ್ಲಿ ಸ್ನಾನ ಮಾಡುವವರು ಯಾರು, ದೆವ್ವಗಳಾ? ನಾಳೆವರೆಗೂ ಕಾಯುವುದು ಯಾಕೆ? ನಮ್ಮಲ್ಲಿ ಸೂರ್ಯ ಮುಳುಗಿದರೆ ನಾಳೆ ಬಂದ ಹಾಗೆ. ನಾನು ದೀಪ ಹಚ್ಚಿದಾಗಿನಿಂದ ಹೊಸ ವರ್ಷ ನಡೆಯುತ್ತಿದೆ."

ನಾನು ಅಜ್ಜಿಗೆ ಹೇಳಿದೆ. ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಕತ್ತಲಾಗಿತ್ತು.

"ಈಗಲೇನಾ? ಇನ್ನೊಂದು ಸಲ ಕೇಳು. ರಾತ್ರಿ ಮೊದಲು, ಬೆಳಿಗ್ಗೆ ಆಮೇಲಾ?"

ನಾನು ಕೇಳಿದೆ. ಹೌದು, ರಾತ್ರಿ ಮೊದಲು ಎಂದರು ಆಂಟಿ.

ಅಜ್ಜಿ ಸೋರೆಕಾಯಿಯ ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಮಾವಾಸ್ಯೆಯ ರಾತ್ರಿ, ಬೇಯಿಸಿದ್ದು, ಬೇರೆಯವರ ಮನೆಯಲ್ಲಿ. ನಿಧಾನವಾಗಿ ಅಗಿದು ನುಂಗಿದಳು.

"ಅಮ್ಮ, ಏನಿದು?" ಎಂದರು ದೊಡ್ಡಪ್ಪ.

"ಸೀನ, ನಿನ್ನ ಪಕ್ಷ ನಾಳೆ ಬೆಳಗಿನ ತನಕ ಇರಲಿ. ನಂದು ಮುಗೀತು."

"ನಮ್ಮ ಪಂಚಾಂಗ ಬಿಟ್ಟು ಇವರದ್ದು ನೋಡ್ತೀಯಾ?"

"ನಮ್ಮ ಪಂಚಾಂಗ ನೋಡೇ ಕಣಪ್ಪ ನಿನ್ನ ತಮ್ಮನ ಮದುವೆ ಮಾಡಿದ್ದು. ಮೂರು ಜನ ಜೋಯಿಸರು ಕೂತು ತೆಗೆದ ಲಗ್ನ ಅದು. ಏನಾಯ್ತು ಅಂತ ನೋಡಿದ್ದೀಯಲ್ಲ." ಮಂಡಿ ಹಿಡಿದುಕೊಂಡು ಎದ್ದಳು. "ಸುಮಾ, ಹಾಲಿದೆಯೇನೇ?"

ಅಮ್ಮ ಎದ್ದು, ಕಾರಿಡಾರ್ ದಾಟಿ, ನಮ್ಮ ಬಾಗಿಲು ತೆಗೆದು ಒಳಗೆ ಹೋದಳು. ನಾವು ಹಿಂದೆ ಹೋಗುವಷ್ಟರಲ್ಲಿ ಅಡುಗೆ ಪಾತ್ರೆಗಳ ಪೆಟ್ಟಿಗೆಯ ಮೇಲೆ ಮೊಣಕಾಲೂರಿ ತರಕಾರಿ ಚಾಕುವಿನಿಂದ ಟೇಪನ್ನು ಉದ್ದಕ್ಕೂ ಸೀಳುತ್ತಿದ್ದಳು. ಆ ಸದ್ದು ಇವತ್ತಿಗೂ ನನಗೆ ಇಷ್ಟ. ಅಮ್ಮ ಮೆದುವಾಗಿ ಮಾತಾಡುವವಳು, ಯಾರಿಗೂ ಎದುರಾಡದವಳು ಎಂದು ಎಲ್ಲರೂ ಹೊಗಳುತ್ತಿದ್ದರು. ಅವಳು ಪೇಪರು ಸುತ್ತಿದ ಲೋಟಗಳನ್ನು, ತಟ್ಟೆಗಳನ್ನು ಎರಡೂ ಕಡೆ ಎಸೆದು ತಳದಿಂದ ಚಿಕ್ಕ ಸ್ಟೀಲ್ ಪಾತ್ರೆಯೊಂದನ್ನು ಎಳೆದಳು. ಇಡೀ ಪ್ಯಾಕೆಟ್ ಹಾಲು ಸುರಿದಳು. ಅಷ್ಟು ಹಾಲು ಆ ಪಾತ್ರೆಗೆ ಹೆಚ್ಚಾಯಿತು, ಅದು ಅವಳಿಗೆ ಗೊತ್ತಿತ್ತು. ಅಜ್ಜಿ ಪೂರ್ವ ಯಾವ ಕಡೆ ಎಂದು ಕೇಳಿದಳು. ರೈಲು ಬರುವ ಕಡೆ ಎಂದು ನಾನು ಹೇಳಿದೆ. ಅದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಮೋಜೆಲ್ ಆಂಟಿ ಹೊಸ್ತಿಲಾಚೆ ಹಬ್ಬದ ಬಟ್ಟೆಯಲ್ಲಿ ನಿಂತು ನೋಡುತ್ತಿದ್ದರು. ಹಾಲು ಗುಮ್ಮಟದ ಹಾಗೆ ಮೇಲೆದ್ದು, ಒಂದು ಕ್ಷಣ ನಿಂತು, ಎಲ್ಲ ಕಡೆಗೂ ಉಕ್ಕಿ ಒಲೆಯನ್ನು ಆರಿಸಿತು.

"ಗ್ಯಾಸ್ ಆಫ್ ಮಾಡಮ್ಮ" ಎಂದರು ದೊಡ್ಡಪ್ಪ. ಹಾಲುಕ್ಕಿದಾಗ ಅವರು ಆಡಿದ ಒಂದೇ ಮಾತು ಅದು. ಅಜ್ಜಿ ಮಿಕ್ಕ ಹಾಲನ್ನು ಲೋಟಗಳಿಗೆ ಹಂಚಿ ಮೊದಲ ಲೋಟವನ್ನು ಅವರ ಕೈಗೆ ಕೊಟ್ಟಳು. ಹಾಲಿಗೆ ಒಪ್ಪತ್ತಿನ ದೋಷವಿಲ್ಲ. ಅವರು ಲೋಟವನ್ನೂ ತಾಯಿಯನ್ನೂ ನೋಡಿದರು. ಕುಡಿದರು. ಮುಖ ಒರೆಸಿಕೊಂಡು, ಸಕ್ಕರೆ ಕಮ್ಮಿಯಾಯಿತು ಎಂದರು.

ಇದನ್ನು ಕೇಳಿದ ಒಬ್ಬಿಬ್ಬರು, ಆಮೇಲೆ ಎಲ್ಲ ಒಳ್ಳೆಯದಾಯಿತಾ ಎಂದು ಕೇಳಿದ್ದಾರೆ. ಆ ಪ್ರಶ್ನೆಯ ಹಿಂದೆ ಯಾವ ಲೆಕ್ಕವಿದೆ ಎಂದು ನನಗೆ ಗೊತ್ತು. ಆ ಮನೆಯಲ್ಲಿ ಅಮ್ಮನಿಗೆ ಬಡ್ತಿ ಸಿಕ್ಕಿತು, ನನಗೆ ಒಮ್ಮೆ ಡೆಂಗಿ ಆಯಿತು, ಅಜ್ಜಿ ಅಲ್ಲಿಯೇ ತೀರಿಕೊಂಡಳು, ನಾನು ಅಲ್ಲಿಂದಲೇ ವಿಶ್ವವಿದ್ಯಾಲಯಕ್ಕೆ ಹೋದೆ. ಶುಭ ಮುಹೂರ್ತದಲ್ಲಿ ಹೊಕ್ಕ ಮನೆಗಳಲ್ಲೂ ಇಷ್ಟೆಲ್ಲ ಆಗುತ್ತದೆ. ಒಳ್ಳೆಯದಾದರೆ ಮಾತ್ರ ಆ ರಾತ್ರಿ ಸರಿ ಎಂದು ಸಾಬೀತು ಮಾಡುವ ಹೊಣೆಯನ್ನು ನಾನು ಹೊರುವುದಿಲ್ಲ. ಅಜ್ಜಿಯೂ ಹೊರಲಿಲ್ಲ. ಮುಂದಿನ ವರ್ಷಗಳಲ್ಲಿ ಮಂಡಿ ನೋವು ಬಂದಾಗೆಲ್ಲ ಅವಳು ಮಂಡಿಯನ್ನು ಬೈದಳೇ ಹೊರತು ಪಕ್ಷವನ್ನು ಬೈಯಲಿಲ್ಲ. ನನ್ನ ಮೊದಲ ಕೆಲಸಕ್ಕೆ ಸೇರಿದ್ದು ಒಂದು ಅಮಾವಾಸ್ಯೆಯ ದಿನ. ದಿನಾಂಕ ನಾನೇ ಕೊಟ್ಟದ್ದು.

ಹಾಲುಕ್ಕಿಸಿದ ಮರುದಿನ ಬೆಳಿಗ್ಗೆ, ಇನ್ನೂ ಬೆಳಕು ಹರಿಯುವ ಮೊದಲೇ, ನಾನು ಎದ್ದು ಸೂಟ್‌ಕೇಸಿನಿಂದ ಯೂನಿಫಾರ್ಮ್ ತೆಗೆದೆ. ಇಸ್ತ್ರಿ ಪೆಟ್ಟಿಗೆ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಕೈಯಿಂದಲೇ ಸವರಿ ಹಾಕಿಕೊಂಡೆ. ಅಷ್ಟು ದಿನ ಸೆಂಬವಾಂಗ್‌ನ ಶಾಲೆಯವರೆಗೆ ಅಮ್ಮ ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದಳು. ಅವತ್ತು ಒಬ್ಬಳೇ ಹೋಗುತ್ತೇನೆ ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಬಸ್ ನಂಬರ್ ಹೇಳು" ಅಂದಳು. ಹೇಳಿದೆ. ತನ್ನ ಪರ್ಸಿನಿಂದ ಗೇಟಿನ ಇನ್ನೊಂದು ಬೀಗದಕೈ ತೆಗೆದು ಕೊಟ್ಟಳು. ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿದ್ದ ದೊಡ್ಡಪ್ಪ ಎದ್ದು ಕೂತರು.

"ಎಲ್ಲಿಗೆ ಹೊರಟೆ ಪುಟ್ಟಿ? ಸ್ಕೂಲಿಗೆ ಬೇಡ ಅಂದಿದ್ನಲ್ಲ."

"ಇವತ್ತು ಮ್ಯಾಥ್ಸ್ ಟೆಸ್ಟ್ ಇದೆ ದೊಡ್ಡಪ್ಪ" ಎಂದೆ. ಟೆಸ್ಟ್ ನಿಜವಾಗಿಯೂ ಇತ್ತು. ಹೊರಗೆ ಬಂದು, ಗೇಟು ಎಳೆದುಕೊಂಡು, ಬೀಗ ಹಾಕಿ, ಬೀಗದಕೈಯನ್ನು ಪಿನಫೋರಿನ ಜೇಬಿಗೆ ಹಾಕಿಕೊಂಡು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದೆ.